ಚೆಡ್‌ವರ್ತ್ ರೋಮನ್ ಮನೆ: ಅಪ್ಪ ಅಮ್ಮನ ಜೊತೆ ಹೋದವರು ಹೇಳ್ತೀರಾ?

ಮೈಸೂರಿನಿಂದ ಅಪ್ಪ ಅಮ್ಮ ಇಂಗ್ಲೆಂಡಿಗೆ ಬಂದಿದ್ದಾರೆ. ಅಪ್ಪ ಇತಿಹಾಸದ ಮೇಷ್ಟ್ರಾಗಿದ್ದವರು. ರೋಮನ್ನರ ಹಳ್ಳಿ ಮನೆ ನೋಡಲೇಬೇಕಂತೆ. ಅಮ್ಮನಿಗೆ ಮಂಡಿ ನೋವು. ಗ್ಲಾಸ್ಟರ್‌ಶೈರ್‌ನ ಚೆಡ್‌ವರ್ತ್‌ಗೆ ಕರೆದುಕೊಂಡು ಹೋಗಬಹುದಾ?

— ನಾವು ಅತ್ತೆ ಮಾವನ ಜೊತೆ ಹೋಗಿದ್ದೆವು. ಮೊದಲೇ ಹೇಳಿಬಿಡಿ, ಹಂಪಿಯ ಹಾಗೆ ಕಂಬ, ಗೋಪುರ ಇರಲ್ಲ. ಗೋಡೆಗಳೆಲ್ಲ ಗಿಡ್ಡ. 'ಇದಕ್ಕಾ ಇಷ್ಟು ದೂರ ಬಂದಿದ್ದು?' ಅಂದೇಬಿಟ್ಟರು ನಮ್ಮ ಮಾವ. ನೆಲ ನೋಡಿದ ಮೇಲೆ ಸುಮ್ಮನಾದರು. ಊಟದ ಕೋಣೆಯಲ್ಲಿ ಮೊಸಾಯಿಕ್ ಇದೆ, ಅಂದರೆ ಬಣ್ಣದ ಚೂರುಕಲ್ಲು ಜೋಡಿಸಿ ಮಾಡಿದ ಚಿತ್ರದ ನೆಲ. ಅದರ ಮೂಲೆಗಳಲ್ಲಿ ಋತುಗಳು ಮನುಷ್ಯರ ರೂಪದಲ್ಲಿವೆ. ಚಳಿಗಾಲದವನನ್ನು ಮಾತ್ರ ಬಿಡಬೇಡಿ. ತಲೆ ಮುಚ್ಚುವ ನಿಲುವಂಗಿ, ಒಂದು ಕೈಯಲ್ಲಿ ಮೊಲ, ಇನ್ನೊಂದರಲ್ಲಿ ಎಲೆ ಉದುರಿದ ಕೊಂಬೆ. ಇಂಗ್ಲೆಂಡಿನ ಚಳಿ ಆಗಲೂ ಇದೇ ಅಲ್ವಾ!

ನಮ್ಮ ಅತ್ತೆಗೆ ಹಿಡಿಸಿದ್ದು ಬಿಸಿ ನೆಲ. ಪುಟ್ಟ ಪುಟ್ಟ ಕಂಬಗಳ ಮೇಲೆ ನೆಲ, ಹೊರಗಡೆ ಬೆಂಕಿ, ಅದರ ಬಿಸಿ ಗಾಳಿ ಕೆಳಗೆ ಹಾಯುತ್ತಿತ್ತು. 'ಬಚ್ಚಲ ಒಲೆ ಕಣೇ' ಅಂದರು.

— ಮಂಡಿ ನೋವಿನ ಬಗ್ಗೆ: ಜಾಗ ಇಳಿಜಾರಿನಲ್ಲಿದೆ, ನಿಧಾನವಾಗಿ ನಡೆಯಲಿ. ಮೊಸಾಯಿಕ್ ಇರುವ ಕಡೆ 2012ರಲ್ಲಿ ಹೊಸ ಕಟ್ಟಡ ಹಾಕಿದ್ದಾರೆ. ಒಳಗೆ ತೂಗು ಹಾಕಿದಂಥ ಹಾದಿಯ ಮೇಲೆ ನಿಂತೇ ನೋಡಬಹುದು. ಕಾರು ಬೇಕೇ ಬೇಕು. ರಸ್ತೆ ತೀರಾ ಕಿರಿದು. ನಮ್ಮೆದುರು ಟ್ರ್ಯಾಕ್ಟರ್ ಬಂದು, ನಾನು ರಿವರ್ಸ್ ಹಾಕಿಕೊಂಡೇ ಅರ್ಧ ಊರು ಸುತ್ತಿದೆ.

— ಮೇಷ್ಟ್ರಿಗೆ ಇದನ್ನು ಹೇಳಿ. ಮನೆ ಸಿಕ್ಕಿದ್ದು 1864ರಲ್ಲಿ, 1924ರಿಂದ ಹಳೆಯ ಸ್ಥಳಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿದೆ. ಸುಮಾರು ಕ್ರಿ.ಶ. 410ಕ್ಕೆ ಬ್ರಿಟನ್ನಿನಲ್ಲಿ ರೋಮನ್ ಆಳ್ವಿಕೆ ಮುಗಿದು, ಇಂಥ ಮನೆಗಳೆಲ್ಲ ಹಾಳುಬಿದ್ದವು ಅಂತಲೇ ಓದಿದ್ದೆವು. ಆದರೆ ಇಲ್ಲಿನ ಒಂದು ಕೋಣೆಯ ಗೋಡೆಯ ಪಾಯದಲ್ಲಿ ಸಿಕ್ಕ ಇದ್ದಿಲು, ಮೂಳೆ ಪರೀಕ್ಷೆ ಮಾಡಿದಾಗ, ಆ ಗೋಡೆ 424ಕ್ಕಿಂತ ಹಿಂದಿನದಲ್ಲ ಅಂತ ಗೊತ್ತಾಯಿತು. ಅಲ್ಲಿನ ಮೊಸಾಯಿಕ್ ಅದಕ್ಕೂ ಆಮೇಲಿನದು. 2020ರಲ್ಲಿ ಈ ಸುದ್ದಿ ಹೊರಬಂತು. ಸರ್ಕಾರ ಹೋದರೂ ಯಾರೋ ಕೂತು ಕಲ್ಲು ಜೋಡಿಸಿದ್ದಾರೆ! (ಋತುಗಳ ನೆಲ ಬೇರೆ, ಇದು ಬೇರೆ.)

— ಬುಗ್ಗೆಯ ಕೊಳವನ್ನೂ ನೋಡಿ, ಈಗಲೂ ನೀರಿದೆ. ಮಳೆ ಬಂದಿದ್ದರೆ ಕಾಲಡಿ ಹುಷಾರು, ದೊಡ್ಡ ದೊಡ್ಡ ಬಸವನಹುಳು ಇರುತ್ತವೆ. ರೋಮನ್ನರು ತಿನ್ನುತ್ತಿದ್ದ ಜಾತಿಯವೇ. ಮಳೆ ಜಾಸ್ತಿಯಾದರೆ ಸೈರನ್‌ಸೆಸ್ಟರ್‌ ಊರಿನ ಕೊರಿನಿಯಂ ಮ್ಯೂಸಿಯಂಗೆ ಹೋಗಿಬಿಡಿ, ಅಲ್ಲೂ ರೋಮನ್ನರ ವಸ್ತುಗಳಿವೆ.

— ಎಲ್ಲರಿಗೂ ಥ್ಯಾಂಕ್ಸ್, ಶನಿವಾರ ಹೊರಟಿದ್ದೇವೆ. ಅಮ್ಮನಿಗೆ ಬಚ್ಚಲ ಒಲೆಯ ವಿಷಯ ಹೇಳಿದೆ. 'ಹೊಗೆ ಎಲ್ಲಿಂದ ಹೋಗುತ್ತಿತ್ತಂತೆ?' ಅಂತ ಕೇಳುತ್ತಿದ್ದಾರೆ.

— ಗೋಡೆಯೊಳಗೆ ಟೊಳ್ಳು ಇಟ್ಟಿಗೆಯ ಕೊಳವೆ ಇಡುತ್ತಿದ್ದರು. ಅದರಲ್ಲೇ ಮೇಲಕ್ಕೆ ಹೋಗುತ್ತಿತ್ತು, ಗೋಡೆಯೂ ಬೆಚ್ಚಗಾಗುತ್ತಿತ್ತು ಅಂತ ಹೇಳಿ ಅಮ್ಮನಿಗೆ.