ಬ್ಲೇಡ್ ರನ್ನರ್: ಅಪ್ಪನಿಗೆ ಯಾವ ವರ್ಷನ್ ಹಾಕಲಿ? ಒಂದಾಳು ಲೆಕ್ಕಕ್ಕೆ ಸಿಗ್ತಿಲ್ಲ

ಕಾಫಿಹೂವು (ಚಿಕ್ಕಮಗಳೂರು):

ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ, ಬೈಬೇಡಿ.

ನಮ್ಮಪ್ಪನಿಗೆ 76. ಮೂಡಿಗೆರೆ ಕಡೆ ಒಂದು ಎಸ್ಟೇಟಲ್ಲಿ ಮೂವತ್ತ್ನಾಲ್ಕು ವರ್ಷ ರೈಟರ್ ಆಗಿದ್ರು. ಬೆಳಿಗ್ಗೆ ಚೆಕ್‌ರೋಲ್ ಹಿಡ್ಕೊಂಡು ಆಳು ಎಣಿಸೋದು, ಮಳೆ ಅಳೆಯೋದು, ಸಂಜೆ ಲೆಕ್ಕ ಬರೆಯೋದು. ಈಗ ನಮ್ಮನೇಲೇ ಇದಾರೆ. ಪುನರ್ವಸು ಮಳೆ ಹಿಡ್ಕೊಂಡು ಐದು ದಿನ ಆಯ್ತು. ವಾಕಿಂಗ್ ಇಲ್ಲ, ನ್ಯೂಸ್ ನೋಡಿ ನೋಡಿ ಎಲ್ಲರ ಮೇಲೂ ಸಿಡುಕು. ನಮ್ಮ ಭಾವ ಹಿಂದೆ ಯಾವತ್ತೋ ತಂದುಕೊಟ್ಟ ಬ್ಲೇಡ್ ರನ್ನರ್ ಅನ್ನೋ ಇಂಗ್ಲಿಷ್ ಸಿನಿಮಾದ ಡಿಸ್ಕಿನ ಡಬ್ಬಿ ಇತ್ತು, ಅದರಲ್ಲಿ ಐದು ವರ್ಷನ್ನೂ ಇದಾವೆ. ಹಳೇದರಿಂದಲೇ ಶುರು ಮಾಡೋಣ ಅಂತ 1982ರದ್ದು ಹಾಕ್ದೆ.

ಇನ್ನೂ ಅರ್ಧ ಗಂಟೆ ಆಗಿಲ್ಲ, ಪೊಲೀಸ್ ಅಧಿಕಾರಿ ಹೀರೋನ ಕೂರಿಸಿಕೊಂಡು ಓಡಿಬಂದ ರೆಪ್ಲಿಕೆಂಟ್‌ಗಳ (ಮನುಷ್ಯರ ಹಾಗೇ ಕಾಣೋ ಕೃತಕ ಆಳುಗಳು, ಆಯುಷ್ಯ ನಾಲ್ಕೇ ವರ್ಷ) ಕೇಸ್ ವಿವರಿಸ್ತಾನಲ್ಲ, ಅಲ್ಲಿ ಅಪ್ಪ ರಿಮೋಟ್ ಕಿತ್ಕೊಂಡ್ರು. "ಆರು ಜನ ಓಡಿಬಂದ್ರು ಅಂದ. ಒಂದು ಕರೆಂಟ್ ಹೊಡ್ದು ಸತ್ತೋಯ್ತು ಅಂದ. ಐದು ಉಳೀತು. ಫೋಟೋ ತೋರ್ಸಿದ್ದು ನಾಲ್ಕೇ. ಇನ್ನೊಂದಾಳು ಎಲ್ಲೋ?" ಮುಂದೆ ಬರುತ್ತೆ ನೋಡಿ ಅಪ್ಪ ಅಂತ ಸುಳ್ಳು ಹೇಳ್ದೆ. ಅಷ್ಟರಲ್ಲಿ ನಮ್ಮನೆ ಕರೆಂಟೂ ಹೋಯ್ತು. ಮಲಗೋವರೆಗೂ ಅದೇ ಮಾತು. ನಾನು ಎಷ್ಟು ಸಲ ನೋಡಿದೀನಿ ಈ ಸಿನಿಮಾನ, ಒಂದಿನವೂ ಎಣಿಸಿರಲಿಲ್ಲ.

ಮತ್ತೆ ಮೊದಲಿಂದ ಹಾಕ್ಬೇಕು. ಯಾವುದು ಹಾಕಲಿ? ಅಪ್ಪನಿಗೆ ಇಂಗ್ಲಿಷ್ ಓದೋಕೆ ಬರೆಯೋಕೆ ಬರುತ್ತೆ, ಗೊಣಗಿದ್ರೆ ಅರ್ಥ ಆಗಲ್ಲ. ಹೀರೋನೇ ಕತೆ ಹೇಳ್ಕೊಂಡು ಹೋಗೋ 1982ರದ್ದೇ ಅವರಿಗೆ ಸುಲಭ ಆಗಬಹುದಾ?

ಸಾಲಗಾಮೆರೋಡ್ (ಹಾಸನ):

ಮೊದಲು ನಿಮ್ಮ ತಂದೆಯವರಿಗೆ ಒಂದು ದೊಡ್ಡ ನಮಸ್ಕಾರ. ಅವರ ಲೆಕ್ಕ ನೂರಕ್ಕೆ ನೂರು ಸರಿ, ತಪ್ಪು ಸಿನಿಮಾದವರದ್ದು. ಚಿತ್ರಕಥೆಯಲ್ಲಿ ಮೇರಿ ಅಂತ ಇನ್ನೊಬ್ಬಳು ರೆಪ್ಲಿಕೆಂಟ್ ಇದ್ದಳು. ಆ ಪಾತ್ರವನ್ನ ಕೈಬಿಟ್ಟರು, ಆದರೆ ಅಧಿಕಾರಿ ಹೇಳೋ ಮಾತು ಮಾತ್ರ ಹಾಗೇ ಉಳ್ಕೊಂಡಿತು. 1992ರ ಡೈರೆಕ್ಟರ್ಸ್ ಕಟ್‌ನಲ್ಲೂ ಅದೇ ತಪ್ಪು. ಕಾಣೆಯಾದ ಆ ಒಬ್ಬ ಹೀರೋನೇ ಅಂತ ಜನ ವರ್ಷಗಟ್ಟಲೆ ವಾದ ಮಾಡಿದ್ದೂ ಇದರಿಂದಲೇ. ಕೊನೆಗೆ 2007ರ ಫೈನಲ್ ಕಟ್‌ನಲ್ಲಿ ರಿಡ್ಲಿ ಸ್ಕಾಟ್ ಅದನ್ನ "ಇಬ್ಬರು ಸುಟ್ಟುಹೋದರು" ಅಂತ ತಿದ್ದಿಸಿದರು. ಆರರಲ್ಲಿ ಎರಡು ಹೋದರೆ ನಾಲ್ಕು. ಹಾಗಾಗಿ ನಿಮ್ಮನೇಲಿ ಫೈನಲ್ ಕಟ್ ಬಿಟ್ಟು ಬೇರೆ ಯಾವುದೂ ನಡೆಯಲ್ಲ!

ಇಂಥ ರಿಪೇರಿ ಅದರಲ್ಲಿ ಬೇಕಾದಷ್ಟಿದೆ. ಹಾರೋ ಕಾರಿಗೆ ಕಟ್ಟಿದ್ದ ಕೇಬಲ್ ಮೊದಲು ಕಾಣ್ತಿತ್ತು, ಅಳಿಸಿದಾರೆ. ಗಾಜು ಒಡ್ಕೊಂಡು ಓಡೋ ಝೋರಾ ಅನ್ನೋ ರೆಪ್ಲಿಕೆಂಟ್ ಜಾಗದಲ್ಲಿ ಡೂಪ್ ಇರೋದು ಯಾರಿಗಾದರೂ ಗೊತ್ತಾಗ್ತಿತ್ತು, ಅಲ್ಲಿಗೆ ನಟಿಯ ಮುಖವನ್ನೇ ಕೂರಿಸಿದಾರೆ. ಹಾವು ಮಾರೋನ ಹತ್ತಿರ ಹೀರೋ ಮಾತಾಡುವಾಗ ತುಟಿಗೂ ಮಾತಿಗೂ ತಾಳವೇ ಇರಲಿಲ್ಲ. ಅದಕ್ಕೆ ಹೀರೋ ಹ್ಯಾರಿಸನ್ ಫೋರ್ಡ್ ಮಗನ ತುಟಿ ಶೂಟ್ ಮಾಡಿ ಅಂಟಿಸಿದ್ರು. ಅಂದಹಾಗೆ ಆ ಹಾವಿನ ವ್ಯಾಪಾರಿ ಹೆಸರು ಅಬ್ದುಲ್ ಬೆನ್ ಹಸನ್. ಇಂಗ್ಲಿಷಲ್ಲಿ ಬರೆದರೆ ನಮ್ಮೂರ ಬಸ್ ಬೋರ್ಡಿನ ಸ್ಪೆಲ್ಲಿಂಗೇ. ಇನ್ನೊಂದು ಹೆಮ್ಮೆ ಹೇಳ್ಕೊಂಡ್ಬಿಡ್ತೀನಿ, ಸಿನಿಮಾ ಬಂದ 1982ರಲ್ಲೇ ನಮ್ಮ ಹಾಸನದ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ಇನ್‌ಸ್ಯಾಟ್ ಉಪಗ್ರಹಗಳ ಕೆಲಸಕ್ಕೆ ಶುರುವಾಗಿದ್ದು. ಲಾಸ್ ಏಂಜಲೀಸ್‌ನವರು ಬಾಹ್ಯಾಕಾಶದ ಕನಸು ಕಾಣ್ತಿದ್ದಾಗ ನಾವು ಕೆಲಸಕ್ಕೇ ಇಳಿದಿದ್ವಿ.

ಏಲಕ್ಕಿ (ಸಕಲೇಶಪುರ):

ಹೀರೋ ಕತೆ ಹೇಳ್ಕೊಂಡು ಹೋಗೋ ಆ 1982ರ ವಾಯ್ಸ್ ಓವರ್‌ನ ಎಲ್ಲರೂ ಬೈತೀರಾ. ನಾನು ಹಾಸ್ಟೆಲ್‌ನಲ್ಲಿ ಮೊದಲು ನೋಡಿದ್ದು ಅದನ್ನೇ, ಅದಿಲ್ಲದಿದ್ದರೆ ನಿದ್ದೆ ಹೋಗ್ತಿದ್ದೆ. ಡೆನ್ವರ್, ಡಲ್ಲಾಸ್‌ನಲ್ಲಿ ಬಿಡುಗಡೆಗೆ ಮುಂಚೆ ತೋರಿಸಿದಾಗ ಇಂಗ್ಲಿಷ್ ಮಾತೃಭಾಷೆಯವರಿಗೇ ಕತೆ ಹತ್ತಿರಲಿಲ್ಲ, ಅದಕ್ಕೇ ತಾನೇ ಆ ವಿವರಣೆ ಸೇರಿಸಿದ್ದು? 76ರ ಹಿರಿಯರಿಗೆ ಅರ್ಥ ಆಗೋದು ಮುಖ್ಯ. ಕೊನೇಲಿ ಬೆಟ್ಟ ಕಾಡಿನ ಮೇಲೆ ಹಾಯಾಗಿ ಹೋಗೋ ಸುಖಾಂತ್ಯ ಇದೆಯಲ್ಲ, ಅದನ್ನ ಮಾತ್ರ ಸಮರ್ಥಿಸಲ್ಲ. ಅದು ಕುಬ್ರಿಕ್ ಅವರ ದಿ ಶೈನಿಂಗ್‌ಗೆ ತೆಗೆದು ಮಿಕ್ಕ ಫಿಲ್ಮು, ಎರವಲು. ಇನ್ನೊಂದು, ಫೈನಲ್ ಕಟ್‌ನಲ್ಲಿ ಕಂಪನಿ ಯಜಮಾನ ಸಾಯೋ ದೃಶ್ಯದಲ್ಲಿ ರಕ್ತ ಜಾಸ್ತಿ. ಊಟದ ಹೊತ್ತಿಗೆ ಹಾಕ್ಬೇಡಿ.

ಸಾಲಗಾಮೆರೋಡ್ (ಹಾಸನ):

ಏಲಕ್ಕಿಯವರೇ, ಎಲ್ಲ ಒಪ್ಪಿದೆ. ಆದರೆ ಆ ಟೆರೇಸ್ ಮೇಲಿನ ದೃಶ್ಯ? ರೆಪ್ಲಿಕೆಂಟ್‌ಗಳ ನಾಯಕನಾದ ರಟ್ಗರ್ ಹಾವರ್ ಸಾಯ್ತಾ ತಲೆ ಬಗ್ಗಿಸಿದ ಮೇಲೆ ಅಲ್ಲಿ ಮಳೆ ಸದ್ದು ಬಿಟ್ಟು ಇನ್ನೇನೂ ಬೇಕಾಗಿಲ್ಲ. 1982ರದ್ದರಲ್ಲಿ ತಕ್ಷಣ ಹೀರೋ ಬಾಯಿಬಿಟ್ಟು, ಇವನು ನನ್ನ ಯಾಕೆ ಉಳಿಸಿದನೋ ಅಂತ ವ್ಯಾಖ್ಯಾನ ಶುರು ಮಾಡ್ತಾನೆ. ಸಾವಿನ ಮನೇಲಿ ಭಾಷಣ ಮಾಡಿದ ಹಾಗೆ.

ಬಿಸಿಲುಕುದುರೆ:

1992ರದ್ದು ಯಾಕೆ ಯಾರೂ ಹೇಳ್ತಿಲ್ಲ? ವಾಯ್ಸ್ ಓವರ್ ತೆಗೆದು, ಕೊಂಬಿನ ಕುದುರೆ ಕನಸು ತಂದಿದ್ದೇ ಅದು.

ಏಲಕ್ಕಿ (ಸಕಲೇಶಪುರ):

ಅದರಲ್ಲೂ ಒಂದಾಳು ಶಾರ್ಟ್ ಅಂತ ಮೇಲೆ ಹೇಳಿದಾರಲ್ಲ ಸ್ವಾಮಿ. ರೈಟ್ರು ಸಹಿ ಹಾಕಲ್ಲ.

ಕಾಫಿಹೂವು ಅವರೇ, ಹಾಗಾದ್ರೆ ಫೈನಲ್ ಕಟ್ ಹಾಕಿ, ಇಂಗ್ಲಿಷ್ ಸಬ್‌ಟೈಟಲ್ ಇಡಿ, ಪಕ್ಕದಲ್ಲಿ ಕೂತು ನೀವೇ ಕನ್ನಡದಲ್ಲಿ ವಾಯ್ಸ್ ಓವರ್ ಆಗಿಬಿಡಿ.

ಕಾಫಿಹೂವು (ಚಿಕ್ಕಮಗಳೂರು):

ಶನಿವಾರ ಫೈನಲ್ ಕಟ್ ಹಾಕ್ದೆ, ಎಲ್ಲರಿಗೂ ಥ್ಯಾಂಕ್ಸ್. ಅಪ್ಪ ತಲೆಗೆ ಮಫ್ಲರ್ ಸುತ್ಕೊಂಡು, ಹಲಸಿನ ಹಪ್ಪಳದ ತಟ್ಟೆ ತೊಡೆ ಮೇಲಿಟ್ಕೊಂಡು ಕೂತ್ರು. ತಿನ್ನಲಿಲ್ಲ. ಆ ಅಧಿಕಾರಿ "ಇಬ್ಬರು" ಅಂದಾಗ ಹೆಬ್ಬೆರಳಲ್ಲಿ ಗೆಣ್ಣು ಎಣಿಸಿದ್ರು, ಹಾಂ, ಈಗ ಟ್ಯಾಲಿ ಆಯ್ತು ಅಂದು ಮೊದಲ ಹಪ್ಪಳ ಮುರಿದ್ರು.

ನನ್ನ ವಾಯ್ಸ್ ಓವರ್ ಮೂರು ಸಲ ನಡೀತು. ನಾಲ್ಕನೇ ಸಲ, "ಸುಮ್ನಿರೋ, ನಂಗೂ ಕಣ್ಣಿದೆ."

ಟೆರೇಸ್ ದೃಶ್ಯ ಬಂದಾಗ ಹೊರಗೆ ನಮ್ಮ ಶೀಟಿನ ಮೇಲೆ ಎಂಥಾ ಮಳೆ ಅಂದ್ರೆ, ಯಾವುದು ಟೀವಿದು ಯಾವುದು ನಮ್ಮದು ಗೊತ್ತಾಗ್ತಿರಲಿಲ್ಲ. ಆ ಪುಣ್ಯಾತ್ಮ ಸತ್ತ ಮೇಲೆ ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾಲ್ಕೇ ವರ್ಷನಾ ಅವಕ್ಕೆ? ಕಾಫಿ ಗಿಡ ನೆಟ್ರೆ ಫಸಲಿಗೆ ಬರೋ ಹೊತ್ತಿಗೆ ಮುಗೀತಲ್ಲೋ" ಅಂದ್ರು.

ಬೆಳಿಗ್ಗೆ ಮಳೆ ಅಳತೆ ನೋಡ್ಕೊಂಡು ಬಂದ್ರು, 3 ಇಂಚು 40 ಸೆಂಟ್ಸ್. ಅಷ್ಟು ದೊಡ್ಡ ಊರಲ್ಲಿ ಅಷ್ಟು ಮಳೆಗೆ ಒಂದು ಸರಿಯಾದ ಚರಂಡಿ ಇಲ್ವಲ್ಲ ಅಂತ ಕಾಫಿ ಕುಡೀತಾ ಬೈದ್ರು. ಮುಂದಿನ ಭಾನುವಾರ ಆ ತಪ್ಪು ಲೆಕ್ಕದ್ದನ್ನೂ ಪೂರ್ತಿ ನೋಡ್ಬೇಕಂತೆ, ಇನ್ನೂ ಎಲ್ಲೆಲ್ಲಿ ಎಡವಿದಾರೆ ಅಂತ. ಕುದುರೆಗೆ ಕೊಂಬು ಯಾಕೆ ಅಂತಲೂ ಕೇಳಿದಾರೆ. ಅದಕ್ಕೆ ಬೇರೆ ಥ್ರೆಡ್ ಹಾಕ್ತೀನಿ.