ಮನೆಯಲ್ಲೇ ಫೋಟೋ ಸರ್ವರ್: ದುಡ್ಡು ಯಾವುದಕ್ಕೆ ಹಾಕಬೇಕು?

ಪ್ರಶ್ನೆ (ತುಮಕೂರಿನಿಂದ): ಸರ್, ನಮಸ್ತೆ. ಮನೆಯವರೆಲ್ಲರ ಫೋಟೋ, ವಿಡಿಯೋ ಸೇರಿ ಒಂದೂವರೆ ಟಿಬಿ ಆಗಿದೆ. ಕ್ಲೌಡಿಗೆ ತಿಂಗಳು ತಿಂಗಳು ದುಡ್ಡು ಕಟ್ಟುವ ಬದಲು ಮನೆಯಲ್ಲೇ ಸರ್ವರ್ ಇಡೋಣ ಅಂತಿದ್ದೇವೆ. ಫೋಟೋ ಜೋಡಿಸಿಡಲು ಇಮ್ಮಿಚ್, ಟಿವಿಯಲ್ಲಿ ವಿಡಿಯೋ ನೋಡಲು ಜೆಲ್ಲಿಫಿನ್, ಈ ಎರಡು ತಂತ್ರಾಂಶ ಬೇಕು. ಅಂಗಡಿಯವರು ರೈಜನ್ 7, 32 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, 750 ವ್ಯಾಟ್ ಪವರ್ ಸಪ್ಲೈ ಸೇರಿಸಿ ಕೊಟೇಶನ್ ಕೊಟ್ಟಿದ್ದಾರೆ. ಹಾರ್ಡ್ ಡಿಸ್ಕ್ ಮಾತ್ರ ಒಂದೇ, 2 ಟಿಬಿ. ತಗೋಬಹುದಾ?

ಉತ್ತರ: ನಮಸ್ತೆ ಮೇಡಂ. ಆ ಕೊಟೇಶನ್ ಗೇಮ್ ಆಡುವವರಿಗೆ ಸರಿ, ನಿಮಗಲ್ಲ. ನಿಮಗೆ ಬೆಲೆ ಇರುವುದು ಫೋಟೋಗಳಿಗೆ. ಅವು ಕೂರುವ ಡಿಸ್ಕಿಗೇ ಅವರು ಕೈ ಬಿಗಿ ಮಾಡಿದ್ದಾರೆ. ನಿಮ್ಮ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಡಿಸ್ಕಿಗೆ ಹೋಗಲಿ.

ಯಂತ್ರಕ್ಕೆ ಆಫೀಸಿನಿಂದ ಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಸಾಕು. ವಿಂಡೋಸ್ 11 ಸಾಮಾನ್ಯವಾಗಿ ಇಂಟೆಲ್ 8ನೇ ತಲೆಮಾರಿಗಿಂತ ಹಳೆಯದನ್ನು ಒಪ್ಪುವುದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಕಂಪನಿಗಳು ಹಳೇ ಯಂತ್ರಗಳನ್ನು ಹೊರಗೆ ಹಾಕುತ್ತಿವೆ. ನೀವು ಹಾಕುವುದು ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್, ಅದಕ್ಕೆ ಆ ಕಟ್ಟುಪಾಡು ಇಲ್ಲ. ಆದರೂ 8ನೇ ತಲೆಮಾರಿನ ಐ5 ಸಿಕ್ಕರೆ ಒಳ್ಳೆಯದು. ಆರು ಕೋರ್ ಇರುತ್ತದೆ. ಅದರೊಳಗಿನ ಗ್ರಾಫಿಕ್ಸೇ ಜೆಲ್ಲಿಫಿನ್‌ಗೆ ಬೇಕಾದ ವಿಡಿಯೋ ಪರಿವರ್ತನೆ ಮಾಡುತ್ತದೆ, 10 ಬಿಟ್ ಎಚ್‌ಇವಿಸಿ ಅನ್ನುವ ಮಾದರಿಯ ವಿಡಿಯೋ ಕೂಡ. ಬೇರೆ ಕಾರ್ಡ್ ಬೇಡ. 6ನೇ ತಲೆಮಾರಿನದು 10 ಬಿಟ್ಟಿಗೆ ಒದ್ದಾಡುತ್ತದೆ, ಅದನ್ನು ಬಿಡಿ. ರ‍್ಯಾಮ್ 16 ಜಿಬಿ ಧಾರಾಳ.

ಅಂಗೈಯಗಲದ ಮಿನಿ ಪಿಸಿ ನೋಡಲು ಚೆಂದ, ಆದರೆ ಅದರೊಳಗೆ 3.5 ಇಂಚಿನ ಡಿಸ್ಕ್ ಹಿಡಿಯುವುದಿಲ್ಲ. ಯುಎಸ್‌ಬಿ ಡಬ್ಬಿಯಲ್ಲಿ ಡಿಸ್ಕ್ ನೇತುಹಾಕಬೇಕಾಗುತ್ತದೆ. ಕೇಬಲ್ ಸ್ವಲ್ಪ ಅಲುಗಿದರೂ ಡಿಸ್ಕ್ ಮಾಯ. ಅದಕ್ಕೇ ಎಸ್‌ಎಫ್‌ಎಫ್ ಅನ್ನುವ ಸಣ್ಣ ಡಬ್ಬಿ ನೋಡಿ. ಎಲ್ಲದರಲ್ಲೂ ಎರಡು ಡಿಸ್ಕಿಗೆ ಜಾಗ ಇರುವುದಿಲ್ಲ. ಮುಚ್ಚಳ ತೆಗೆಸಿ ಕಣ್ಣಾರೆ ನೋಡಿಯೇ ತಗೊಳ್ಳಿ.

ಪ್ರಶ್ನೆ (ಅದೇ ಮೇಡಂ): ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ತರೋಣ ಅಂತಿದ್ದೇವೆ. ಅಂಗಡಿಯಲ್ಲೇ ಏನೇನು ನೋಡಬೇಕು?

ಉತ್ತರ: ಲಿನಕ್ಸ್ ಇರುವ ಪೆನ್‌ಡ್ರೈವ್ ಒಂದನ್ನು ಜೊತೆಗೆ ಒಯ್ಯಿರಿ. ಮಾನಿಟರ್ ಹಾಕಿಸಿ, ಆನ್ ಮಾಡಿ, ಮೊದಲು ಬಯಾಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್) ಹೋಗಿ. ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್10. ಅಲ್ಲಿ ಪಾಸ್‌ವರ್ಡ್ ಕೇಳಿದರೆ ಆ ಯಂತ್ರ ಬೇಡ. ಹಳೇ ಕಂಪನಿಯವರು ಹಾಕಿದ ಬೀಗ ಅದು, ತೆಗೆಸುವುದು ತಲೆನೋವು. ಪಾಸ್‌ವರ್ಡ್ ಇಲ್ಲದಿದ್ದರೆ, ಕರೆಂಟ್ ಹೋಗಿ ಬಂದಾಗ ತಾನೇ ಆನ್ ಆಗುವ ಆಯ್ಕೆ ಹುಡುಕಿ. ಅದನ್ನು ‘ಪವರ್ ಆನ್’ಗೆ ಇಡಿ. ಆಮೇಲೆ ಪ್ಲಗ್ ಕಿತ್ತು ಮತ್ತೆ ಹಾಕಿ. ಯಾರೂ ಬಟನ್ ಒತ್ತದೆ ಯಂತ್ರ ಎದ್ದರೆ ಆ ಕೆಲಸ ಮುಗಿಯಿತು. ತಾರೀಕು, ಸಮಯ ತಪ್ಪಿದ್ದರೆ ಸಿಆರ್2032 ಸೆಲ್ ಸತ್ತಿದೆ ಅಂತ, ಹೊಸದು ಹಾಕಿಸಿ. ನಂತರ ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ ಹತ್ತು ನಿಮಿಷ ಓಡಿಸಿ, ಫ್ಯಾನ್ ಸದ್ದು ಕೇಳಿ.

ಪವರ್ ಸಪ್ಲೈ ಕನೆಕ್ಟರ್ ನೋಡಿಕೊಳ್ಳಿ. ಇಂಥ ಬ್ರಾಂಡೆಡ್ ಡಬ್ಬಿಗಳಲ್ಲಿ ಅದು ಮಾಮೂಲಿ ಅಳತೆಯದಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ಡಿಸ್ಕಿಗೆ ಕರೆಂಟ್ ಹೋಗುವುದು ಮದರ್‌ಬೋರ್ಡಿನಿಂದ ಬರುವ ವಿಶೇಷ ಕೇಬಲ್‌ನಲ್ಲಿ. ಅದನ್ನು ಅಂಗಡಿಯಲ್ಲೇ ಕೇಳಿ ತಗೊಳ್ಳಿ, ಆಮೇಲೆ ಹುಡುಕುವುದು ಕಷ್ಟ.

ಡಿಸ್ಕ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ. ಹಳೇ ಡಿಸ್ಕ್ ಎಷ್ಟು ಗಂಟೆ ಓಡಿದೆ ಅನ್ನುವ ಲೆಕ್ಕವನ್ನು ಸೊನ್ನೆಗೆ ತಂದು ಹೊಸದೆಂದು ಮಾರಿದ್ದು 2025ರಲ್ಲಿ ಯುರೋಪಿನಲ್ಲಿ ಬಯಲಾಯಿತು. ಸೀಲ್ ಒಡೆಯುವ ಮುಂಚೆ ಡಿಸ್ಕಿನ ಸೀರಿಯಲ್ ನಂಬರ್ ಅನ್ನು ತಯಾರಕರ ವಾರಂಟಿ ಪುಟದಲ್ಲಿ ಹಾಕಿ ನೋಡಿ. ಭಾರತದಲ್ಲಿ ವಾರಂಟಿ ಇದೆ ಅಂತ ಬಂದರೆ ಮಾತ್ರ ದುಡ್ಡು ಕೊಡಿ.

ಇನ್ನೊಂದು, ಡೇಟಾ ಬರೆಯುವ ಗೆರೆಗಳು ಬಿಡಿಬಿಡಿಯಾಗಿರುವ ಸಿಎಂಆರ್ ಡಿಸ್ಕನ್ನೇ ಕೇಳಿ. ಎಸ್‌ಎಂಆರ್ ಡಿಸ್ಕಿನಲ್ಲಿ ಗೆರೆಗಳು ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಒಂದು ಕಡೆ ಬದಲಿಸಲು ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಒಂದು ಡಿಸ್ಕ್ ಸತ್ತು ಹೊಸದಕ್ಕೆ ನಕಲು ಮಾಡುವಾಗ ಇದು ತುಂಬಾ ನಿಧಾನ, ಝಡ್‌ಎಫ್‌ಎಸ್ ಅನ್ನುವ ಫೈಲ್ ವ್ಯವಸ್ಥೆಯಲ್ಲಿ ನಕಲು ನಡುವೆಯೇ ನಿಂತುಹೋಗಬಹುದು. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ 2ರಿಂದ 6 ಟಿಬಿ ‘ರೆಡ್’ ಡಿಸ್ಕುಗಳಲ್ಲಿ ಎಸ್‌ಎಂಆರ್ ಇದೆ ಅಂತ ಒಪ್ಪಿಕೊಂಡಿತು. ‘ರೆಡ್ ಪ್ಲಸ್’, ಸೀಗೇಟಿನ ‘ಐರನ್‌ವುಲ್ಫ್’ ಸಿಎಂಆರ್. ನಿಮಗೆ 4 ಟಿಬಿಯ ಎರಡು ಡಿಸ್ಕ್, ಒಂದಕ್ಕೊಂದು ಕನ್ನಡಿಯಾಗಿ, ಅಂದರೆ ಎರಡರಲ್ಲೂ ಒಂದೇ ಇರುವ ಹಾಗೆ. ಇಮ್ಮಿಚ್‌ನ ಡೇಟಾಬೇಸಿಗೆ ಒಂದು ಎಸ್‌ಎಸ್‌ಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಎರಡು ಡಿಸ್ಕಿನಲ್ಲೂ ಒಂದೇ ಇದ್ದರೆ ಬ್ಯಾಕಪ್ ಆದ ಹಾಗೇ ಅಲ್ವಾ? ಮತ್ತೆ ನಮ್ಮ ಮನೇಲಿ ಒಂದು ರಾಸ್ಪ್‌ಬೆರಿ ಪೈ 5 (ಅಂಗೈಯಗಲದ ಕಂಪ್ಯೂಟರ್) ಸುಮ್ನೆ ಬಿದ್ದಿದೆ, ಅದೇ ಸರ್ವರ್ ಆಗಲ್ವಾ?

ಉತ್ತರ: ಇಲ್ಲ ಸರ್. ಮಗು ಒಂದು ಫೋಲ್ಡರ್ ಅಳಿಸಿದರೆ ಅದೇ ಕ್ಷಣ ಎರಡೂ ಕಡೆ ಅಳಿಯುತ್ತದೆ. ಡಿಸ್ಕ್ ಸತ್ತರೂ ಸರ್ವರ್ ನಿಲ್ಲದಿರಲಿ ಅಂತ ಕನ್ನಡಿ, ಅಷ್ಟೇ. ಬ್ಯಾಕಪ್ ಬೇರೆ ಮನೆಯಲ್ಲಿರಬೇಕು. ನಿಮ್ಮ ಪೈಗೆ ಅದೇ ಕೆಲಸ ಕೊಡಿ. ಪೈ 5ರಲ್ಲಿ ವಿಡಿಯೋ ಎನ್‌ಕೋಡ್ ಮಾಡುವ ಹಾರ್ಡ್‌ವೇರ್ ಇಲ್ಲ, ಜೆಲ್ಲಿಫಿನ್‌ಗೆ ಕಷ್ಟ. ಆದರೆ ಒಂದು ಯುಎಸ್‌ಬಿ ಡಿಸ್ಕ್ ಸಿಕ್ಕಿಸಿ ಅಕ್ಕನ ಮನೆಯಲ್ಲೋ ಊರಲ್ಲೋ ಇಟ್ಟರೆ, ರಾತ್ರಿ ಬ್ಯಾಕಪ್ ಹಿಡಿಯಲು ಅದು ಹೇಳಿ ಮಾಡಿಸಿದ್ದು. ಡಿಸ್ಕಿಗೆ ಸ್ವಂತ ಅಡಾಪ್ಟರ್ ಇರಲಿ. ಎರಡೂ ಮನೆಯ ನಡುವೆ ಟೇಲ್‌ಸ್ಕೇಲ್ ಹಾಕಿ, ದೂರದ ಯಂತ್ರಗಳನ್ನು ಇಂಟರ್ನೆಟ್ ಮೂಲಕ ಖಾಸಗಿಯಾಗಿ ಜೋಡಿಸುವ ತಂತ್ರಾಂಶ ಅದು. ಇಲ್ಲಿನ ಎಷ್ಟೋ ಬ್ರಾಡ್‌ಬ್ಯಾಂಡ್‌ಗಳಲ್ಲಿ ನಿಮಗೇ ಅಂತ ಐಪಿ ವಿಳಾಸ ಸಿಗುವುದಿಲ್ಲ, ರೂಟರಿನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆದರೂ ಪ್ರಯೋಜನ ಇಲ್ಲ.

ಪ್ರಶ್ನೆ (ತುಮಕೂರಿನ ಮೇಡಂ): ಗೃಹಜ್ಯೋತಿ ಇದೆ ಸರ್. ದಿನವಿಡೀ ಆನ್ ಇದ್ದರೆ ಬಿಲ್ ಬರುತ್ತಾ? ಇನ್ವರ್ಟರ್ ಇದೆ, ಯುಪಿಎಸ್ ಬೇರೆ ಬೇಕಾ?

ಉತ್ತರ: ಎರಡು ಡಿಸ್ಕಿರುವ ಇಂಥ ಡಬ್ಬಿ 25 ವ್ಯಾಟ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ತಿಂಗಳಿಗೆ 18 ಯೂನಿಟ್. ಅಂಗಡಿಯವರು ಹೇಳಿದ ಯಂತ್ರ 70 ವ್ಯಾಟ್ ಎಳೆದರೆ 50 ಯೂನಿಟ್. ಗೃಹಜ್ಯೋತಿಯಲ್ಲಿ 2022-23ರ ನಿಮ್ಮ ಸರಾಸರಿಗೆ ಶೇಕಡಾ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದರೆ 10 ಯೂನಿಟ್) ಸೇರಿಸಿ ಉಚಿತ ಯೂನಿಟ್ ನಿಗದಿ ಮಾಡಿದ್ದಾರೆ. ಅದನ್ನು ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ನಿಮ್ಮ ಹಳೇ ಬಿಲ್ ತೆಗೆದು ಎಷ್ಟು ಅಂತರ ಇದೆ ನೋಡಿಕೊಳ್ಳಿ.

ಇನ್ವರ್ಟರಿನಲ್ಲಿ ‘ಯುಪಿಎಸ್ ಮೋಡ್’ ಸ್ವಿಚ್ ಇದ್ದರೆ ಅದನ್ನೇ ಹಾಕಿ. ಮಾಮೂಲಿ ಮೋಡ್‌ನಲ್ಲಿ ಬದಲಾಗುವಷ್ಟರಲ್ಲಿ ಯಂತ್ರ ರೀಸ್ಟಾರ್ಟ್ ಆಗಬಹುದು. ಆದರೂ ಸಣ್ಣ ಯುಪಿಎಸ್ ಬೇಕು ಅಂತಲೇ ಹೇಳುತ್ತೇನೆ. ಇನ್ವರ್ಟರ್ ಬ್ಯಾಟರಿ ಮುಗಿಯುವಾಗ ಸರ್ವರಿಗೆ ಹೇಳಿ ಹೋಗುವುದಿಲ್ಲ. ಯುಎಸ್‌ಬಿ ಪೋರ್ಟ್ ಇರುವ ಯುಪಿಎಸ್ ತಂದು, ಲಿನಕ್ಸಿನಲ್ಲಿ ‘ನಟ್’ ತಂತ್ರಾಂಶ ಹಾಕಿದರೆ, ಬ್ಯಾಟರಿ ಇಳಿಯುತ್ತಿದ್ದಂತೆ ಸರ್ವರ್ ತಾನೇ ಸರಿಯಾಗಿ ಆಫ್ ಆಗುತ್ತದೆ. ಅಗ್ಗದ ಮಾಡೆಲ್‌ಗಳಲ್ಲಿ ಆ ಪೋರ್ಟ್ ಇರುವುದಿಲ್ಲ, ಹಿಂಭಾಗ ತಿರುಗಿಸಿ ನೋಡಿ ತಗೊಳ್ಳಿ. ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಕೆಲವು ಯುಪಿಎಸ್ ಅದರ ಕರೆಂಟನ್ನು ಒಪ್ಪದೆ ಬ್ಯಾಟರಿಯಲ್ಲೇ ಓಡುತ್ತವೆ. ಇನ್ವರ್ಟರ್ ಮೇಲೆ ಏನು ಬರೆದಿದೆ ಅಂತ ಒಂದು ಫೋಟೋ ಹಾಕಿ, ಅದಕ್ಕೆ ಹೊಂದುವ ಯುಪಿಎಸ್ ಯಾವುದು ಅಂತ ಹೇಳುತ್ತೇನೆ.