ಸಹಾಯ ಬೇಕು: ಹೊಸ ಲ್ಯಾಪ್‌ಟಾಪ್‌ನಲ್ಲಿ ಎರಡು ಪ್ಲಗಿನ್ ಕಾಣಿಸುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿ ಹಾಡಿದ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿಟ್ಟಿದ್ದೇನೆ. ಅವನ್ನು ಶುದ್ಧ ಮಾಡಿ ಮಿಕ್ಸ್ ಮಾಡಬೇಕು. ಅಜ್ಜಿಗೆ ಈಗ ಹಾಡಲು ಆಗುವುದಿಲ್ಲ, ಹಾಗಾಗಿ ಇರುವ ಈ ರೆಕಾರ್ಡಿಂಗೇ ನಮಗೆ ಎಲ್ಲ.

ಹಳೆಯ ಲ್ಯಾಪ್‌ಟಾಪ್‌ನಿಂದ ಹೊಸ ವಿಂಡೋಸ್ 11ಕ್ಕೆ ಬಂದೆ. ನನ್ನ ಆಡಿಯೋ ಮಿಕ್ಸಿಂಗ್ ಸಾಫ್ಟ್‌ವೇರ್‌ಗೆ ಸೇರಿಸಿಕೊಂಡಿದ್ದ ಐದು ಪ್ಲಗಿನ್‌ಗಳಲ್ಲಿ (ಧ್ವನಿ ತಿದ್ದುವ ಚಿಕ್ಕ ಪ್ರೋಗ್ರಾಂಗಳು) ಮೂರು ಬಂದವು. ಗದ್ದಲ ತೆಗೆಯುವುದು ಮತ್ತು ರಿವರ್ಬ್ (ಧ್ವನಿಗೆ ಅನುರಣನ ಸೇರಿಸುವುದು), ಇವೆರಡು ಪಟ್ಟಿಯಲ್ಲೇ ಇಲ್ಲ.

ರಿವರ್ಬ್ ಹಳೆಯ ವಿಎಸ್‌ಟಿ2 ಮಾದರಿಯ ಪ್ಲಗಿನ್, ಡಿಎಲ್‌ಎಲ್ ಫೈಲ್. ಅದನ್ನು ಡಿ ಡ್ರೈವ್‌ನಲ್ಲಿಟ್ಟು, ಆ ಫೋಲ್ಡರನ್ನು ಸಾಫ್ಟ್‌ವೇರ್‌ನ ಸೆಟ್ಟಿಂಗ್ಸ್‌ಗೆ ಸೇರಿಸಿ, ಪ್ಲಗಿನ್ ಹುಡುಕಲು ಮತ್ತೆ ಸ್ಕ್ಯಾನ್ ಮಾಡಿದೆ. ಬರಲಿಲ್ಲ. ಅದು 32 ಬಿಟ್ ಇರಬಹುದು ಅಂತ ನನ್ನ ಅನುಮಾನ. ನನ್ನ ಸಾಫ್ಟ್‌ವೇರ್ 64 ಬಿಟ್, ನಡುವೆ ಬ್ರಿಡ್ಜ್ (ಎರಡನ್ನೂ ಹೊಂದಿಸುವ ಪ್ರೋಗ್ರಾಂ) ಇಲ್ಲದೆ ಅದು 32 ಬಿಟ್ ಪ್ಲಗಿನ್ ತೆರೆಯುವುದಿಲ್ಲ, ಅಲ್ವಾ? ಫೈಲ್ ನೋಡಿ ಎಷ್ಟು ಬಿಟ್ ಅಂತ ತಿಳಿಯುವ ಸುಲಭ ದಾರಿ ಇದೆಯಾ?

ಗದ್ದಲ ತೆಗೆಯುವುದು ಹೊಸ ಮಾದರಿಯ ವಿಎಸ್‌ಟಿ3 ಪ್ಲಗಿನ್. ಅದು ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್, ಕಾಮನ್ ಫೈಲ್ಸ್, ವಿಎಸ್‌ಟಿ3 ಫೋಲ್ಡರ್‌ನಲ್ಲೇ ಇದೆ. ಜಾಗ ಸರಿ. ಆದರೆ ಮೊದಲ ಸ್ಕ್ಯಾನ್ ಆಗುವಾಗ ಸಾಫ್ಟ್‌ವೇರ್ ಒಮ್ಮೆ ಕ್ರ್ಯಾಶ್ ಆಗಿತ್ತು. ಒಮ್ಮೆ ವಿಫಲವಾದ ಪ್ಲಗಿನ್ನನ್ನು ಕೆಲವು ಸಾಫ್ಟ್‌ವೇರ್‌ಗಳು ನೆನಪಿಟ್ಟುಕೊಂಡು ಮುಂದಿನ ಸಲ ಬಿಟ್ಟುಬಿಡುತ್ತವೆ. ಆ ಪಟ್ಟಿ ಅಳಿಸಿ ಪೂರ್ತಿ ಸ್ಕ್ಯಾನ್ ಮಾಡಿದರೆ ಹಳೆಯ ಪ್ರಾಜೆಕ್ಟ್‌ಗಳ ಸೆಟ್ಟಿಂಗ್ ಹೋಗುತ್ತದೆಯಾ? ಇದೇ ನನಗೆ ಜಾಸ್ತಿ ಭಯ.

ಲೈಸೆನ್ಸ್ ಆ್ಯಪ್‌ನಲ್ಲಿ ಲಾಗಿನ್ ಆಗಿದ್ದೇನೆ. ರೀಇನ್‌ಸ್ಟಾಲ್ ಕೂಡ ಮಾಡಿ ನೋಡಿದೆ. ಇದೇ ತೊಂದರೆ ಬಗೆಹರಿಸಿಕೊಂಡವರು ಯಾರಾದರೂ ಇದ್ದರೆ ಹೇಳಿ, ಬೇಕಾದ ಸ್ಕ್ರೀನ್‌ಶಾಟ್ ಹಾಕುತ್ತೇನೆ.